ನೋವು ನೀಗಲಿ, ಹೊಟ್ಟೆ ಕಟ್ಟದಿರಲಿ



ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಿಂದ ಕ್ಯಾನ್ಸರ್ ಚಿಕಿತ್ಸೆಗೆಂದು ಮೈಸೂರಿಗೋ ಬೆಂಗಳೂರಿಗೋ ಹೋದವರು ಹಿಂದಿರುಗುವಾಗ, ಕೆಲವರ ಚೀಲದಲ್ಲಿ ಮಾರ್ಫಿನ್ ಮಾತ್ರೆಗಳಿರುತ್ತವೆ. ಮೊದಲ ರಾತ್ರಿ ರೋಗಿಗೆ ನಿದ್ದೆ ಹತ್ತುತ್ತದೆ. ಅವರೊಡನೆ ಮನೆಯೂ ನಿದ್ರಿಸುತ್ತದೆ. ನಾಲ್ಕನೆಯ ದಿನದ ಹೊತ್ತಿಗೆ ಹೊಸ ಸಂಕಟ: ಹೊಟ್ಟೆ ಕಟ್ಟಿದೆ. "ಈ ಮಾತ್ರೆ ಬ್ಯಾಡ ಕನ ಮಗ" ಎಂದು ಹಿರಿಯ ಜೀವ ಮುಖ ತಿರುಗಿಸುತ್ತದೆ. ಮಾತ್ರೆ ನಿಲ್ಲುತ್ತದೆ, ಹೊಟ್ಟೆ ಸಡಿಲಗೊಳ್ಳುವ ಮುನ್ನವೇ ನೋವು ಮರಳುತ್ತದೆ.

ಈ ಎರಡು ಸಂಕಟಗಳಲ್ಲಿ ಒಂದನ್ನು ಆಯ್ದುಕೊಳ್ಳಲೇಬೇಕೆಂಬ ನಿರ್ಬಂಧವಿಲ್ಲ ಎಂಬುದೇ ನನ್ನ ಮಾತಿನ ಸಾರ.

ಅಫೀಮಿನಿಂದ ದೊರೆಯುವ ಮಾರ್ಫಿನ್, ಮಿದುಳು ಮತ್ತು ಬೆನ್ನುಹುರಿಗಳ ಕೆಲವು ಗ್ರಾಹಕಗಳನ್ನು ಸೇರಿ ನೋವನ್ನು ಶಮನಗೊಳಿಸುತ್ತದೆ. ಅಂಥವೇ ಗ್ರಾಹಕಗಳು ಕರುಳಿನಲ್ಲಿಯೂ ಇವೆ. ಅಲ್ಲಿ ಅದು ಕರುಳಿನ ಚಲನೆಯನ್ನು ಕುಗ್ಗಿಸುತ್ತದೆ. ತಡೆದು ನಿಂತ ಮಲ ನೀರು ಕಳೆದುಕೊಂಡು ಗಟ್ಟಿಯಾಗುತ್ತದೆ. ಓಕರಿಕೆ, ಮಂಪರುಗಳು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಇಳಿಯುತ್ತವೆ; ಕರುಳು ಮಾತ್ರ ಈ ಔಷಧಕ್ಕೆ ಒಗ್ಗಿಕೊಳ್ಳುವುದು ಅಪರೂಪ.

ಆದುದರಿಂದ ಹೊಟ್ಟೆ ಕಟ್ಟುವವರೆಗೆ ಕಾಯಬಾರದು. ಮಾರ್ಫಿನ್ನಿನ ಮೊದಲ ಗುಳಿಗೆಯೊಂದಿಗೇ ಮಲ ಸಡಿಲಿಸುವ ಔಷಧವೂ ವೈದ್ಯರ ಸಲಹೆಯಂತೆ ಆರಂಭವಾಗಬೇಕು. ಮಾರ್ಫಿನ್ ಇರುವಷ್ಟು ದಿನವೂ ಅದು ಇರಬೇಕು. ಸೋನಾಮುಖಿಯಿಂದ ತಯಾರಾದ ಮಾತ್ರೆ ಅಥವಾ ಬಿಸಕೋಡಿಲ್ ಕರುಳನ್ನು ಚಲಿಸುವಂತೆ ಮಾಡುತ್ತವೆ. ಲ್ಯಾಕ್ಟುಲೋಸ್ ನೀರನ್ನು ಸೆಳೆದು ಮಲವನ್ನು ಮೃದುಗೊಳಿಸುತ್ತದೆ. ಸೊಪ್ಪಿನ ಸಾರು, ಬಾಳೆಹಣ್ಣು ಒಳ್ಳೆಯವೇ; ಆದರೆ ಅವಷ್ಟೇ ಸಾಲವು. ನೀರು ಕುಡಿಯಲಾರದ ರೋಗಿಗೆ ಇಸಬ್‌ಗೋಲ್ ಕೊಟ್ಟರೆ ತಡೆ ಹೆಚ್ಚಲೂಬಹುದು. ಹೊಟ್ಟೆ ಉಬ್ಬಿ, ವಾಂತಿಯಾಗಿ, ವಾಯುವೂ ಹೋಗದಿದ್ದರೆ ಭೇದಿಯ ಔಷಧ ಕೊಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಇನ್ನೊಂದು ಸೂಕ್ಷ್ಮವಿದೆ. ತನ್ನನ್ನು ಎತ್ತಿ ಶೌಚಕ್ಕೆ ಕರೆದೊಯ್ಯುವವರಿಗೆ ತೊಂದರೆಯಾದೀತೆಂದು ನೀರನ್ನೇ ಮುಟ್ಟದ ರೋಗಿಗಳುಂಟು. ಬೆಳಗಿನ ತಿಂಡಿಯ ಬಳಿಕ ಕರುಳು ಸಹಜವಾಗಿ ಚುರುಕಾಗುತ್ತದೆ. ಆ ಹೊತ್ತಿಗೆ ಹಾಸಿಗೆಯ ಪಕ್ಕದಲ್ಲೊಂದು ಶೌಚದ ಕುರ್ಚಿ, ಅಡ್ಡಕ್ಕೊಂದು ಸೀರೆಯ ಮರೆ ಒದಗಿಸಿದರೆ, ಅದೂ ಚಿಕಿತ್ಸೆಯೇ.

ಷಿಕಾಗೋ ವಿಶ್ವವಿದ್ಯಾನಿಲಯದ ಲಿಯಾನ್ ಗೋಲ್ಡ್‌ಬರ್ಗ್ ಎಂಬ ಔಷಧಶಾಸ್ತ್ರಜ್ಞರ ಮಿತ್ರರೊಬ್ಬರು ಕ್ಯಾನ್ಸರಿನಿಂದ ಬಳಲುತ್ತ, ಇದೇ ಮಲಬದ್ಧತೆಗೆ ಅಂಜಿ ಮಾರ್ಫಿನ್ನನ್ನು ದೂರವಿಟ್ಟಿದ್ದರು. ಆ ಮಿತ್ರನ ಸಂಕಟವೇ ಗೋಲ್ಡ್‌ಬರ್ಗರನ್ನು ಮೀಥೈಲ್‌ನಾಲ್ಟ್ರೆಕ್ಸೋನಿನತ್ತ ನಡೆಸಿತು. ಅದು ಕರುಳಿನಲ್ಲಿ ಮಾರ್ಫಿನ್ನನ್ನು ತಡೆಯುತ್ತದೆ. ಮಿದುಳನ್ನು ಬಹುಮಟ್ಟಿಗೆ ಹೊಗದ ಕಾರಣ ನೋವಿನ ಪರಿಹಾರಕ್ಕೆ ಭಂಗ ತರುವುದಿಲ್ಲ. ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆತದ್ದು 2008ರಲ್ಲಿ. ಗೋಲ್ಡ್‌ಬರ್ಗ್ 1989ರಲ್ಲಿಯೇ ತೀರಿಕೊಂಡಿದ್ದರು. ಸಾಮಾನ್ಯ ಔಷಧಗಳು ಸೋತಾಗ ಬಳಸುವ ಮದ್ದು ಇದು.

ನಮ್ಮ ಬಹುಪಾಲು ರೋಗಿಗಳಿಗೆ ಬೇಕಾದುದು ಸಾಮಾನ್ಯ ಔಷಧವೇ. ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಊರಿನವರಿಗಾಗಲಿ, ಬಿಳಿಗಿರಿರಂಗನ ಬೆಟ್ಟದ ಹಾಡಿಯವರಿಗಾಗಲಿ ಮತ್ತೆ ಪೇಟೆಗೆ ಬರುವುದು ಹಗುರವಾದ ಮಾತಲ್ಲ. ಹಾಗಾಗಿ ಹೊರಡುವ ಮುನ್ನವೇ ವೈದ್ಯರನ್ನು ಕೇಳಿರಿ: "ನೋವಿಗೆ ಕೊಟ್ಟಿರಿ ಸ್ವಾಮಿ, ಹೊಟ್ಟೆಗೇನು ಕೊಡುತ್ತೀರಿ?" ಅದನ್ನು ಕೇಳಲು ನಾಚಬೇಕಾದುದಿಲ್ಲ.