ಅಭಯ ಎಂಬ ಮಾತಿನ ಗಡಿ

ಭಯವಿಲ್ಲದ ಸ್ಥಿತಿಯೇ ಅಭಯ. ಆದರೆ ಅದಕ್ಕೆ ಅರಣ್ಯ ಸೇರಿ ಆದ ಅಭಯಾರಣ್ಯದಲ್ಲಿ ಯಾರಿಗೆ ಯಾರಿಂದ ಭಯವಿಲ್ಲ ಎಂಬುದು ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ಕೌಟಿಲ್ಯನ ಅರ್ಥಶಾಸ್ತ್ರವು ಅಭಯವನದ ಮೃಗಗಳನ್ನು ಕೊಂದವರಿಗೆ ದಂಡ ವಿಧಿಸುತ್ತದೆ. ಅಲ್ಲಿನ ಅಭಯ ಅರಸನು ಕೊಟ್ಟದ್ದು. ಬ್ರಿಟಿಷರ ಕಾಲದ ಮೀಸಲು ಅರಣ್ಯದಲ್ಲಿ ಕಾವಲು ಮುಖ್ಯವಾಗಿ ಮರಮುಟ್ಟಿಗೇ ಹೊರತು ಪ್ರಾಣಿಗಳಿಗಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಅಭಯಾರಣ್ಯದಲ್ಲಿ ಜನರ ಕೆಲವು ಹಕ್ಕುಗಳು ಉಳಿಯಲು ಆಸ್ಪದವಿತ್ತು, ರಾಷ್ಟ್ರೀಯ ಉದ್ಯಾನದಲ್ಲಿ ದನ ಮೇಯಿಸುವುದನ್ನೂ ತಡೆಯಿತು. ಉದ್ಯಾನವೆಂಬ ಮೃದುವಾದ ಹೆಸರೇ ಹೆಚ್ಚು ಕಠಿಣವಾದ ಕಟ್ಟಳೆಯನ್ನು ಹೊತ್ತಿರುವುದು ವಿಚಿತ್ರ. ಕೊಡಗಿನ ದೇವರಕಾಡುಗಳಲ್ಲಾದರೋ ಕೊಡಲಿಯನ್ನು ತಡೆದದ್ದು ದೈವದ ಮೇಲಿನ ಭಯವೇ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಅಭಯ ಎಂಬ ಪದ ಇನ್ನೊಂದು ಅರ್ಥ ಪಡೆದಿದೆ. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಕಾಡಿನಲ್ಲಲ್ಲ, ಮನೆಗಳ ನಡುವಿನ ಹುಣಿಸೆ ಮರಗಳಲ್ಲಿ ಗೂಡು ಕಟ್ಟುತ್ತವೆ. ಉದುರುವ ಹಿಕ್ಕೆಯನ್ನು ರೈತರು ಗೊಬ್ಬರವಾಗಿ ಹೊಲಕ್ಕೆ ಹಾಕುತ್ತಾರೆ. ಸರ್ಕಾರವು ಈ ಊರನ್ನು ಸಮುದಾಯ ಮೀಸಲು, ಅಂದರೆ ಜನರೇ ಕಾಯುವ ರಕ್ಷಿತ ಪ್ರದೇಶ, ಎಂದು ಘೋಷಿಸಿದ್ದು 2007ರಲ್ಲಿ; ಹಕ್ಕಿಗಳಿಗೆ ಊರಿನ ಅಭಯ ಸಿಕ್ಕಿದ್ದು ಅದಕ್ಕೂ ಎಷ್ಟೋ ತಲೆಮಾರುಗಳ ಹಿಂದೆ.