ತೆಂಗಿನ ಮರವೂ ಕೂಡಿಸುವ ಗಣಿತವೂ
(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಕಳೆದ ಜೂನ್ ತಿಂಗಳಲ್ಲಿ ತಂದೆಯೊಬ್ಬರು ಮಗಳ ವರ್ಗಾವಣೆ ಪತ್ರಕ್ಕಾಗಿ ಬಂದಿದ್ದರು. ಅವರೂ ಈ ಶಾಲೆಯಲ್ಲೇ ಕಲಿತವರು. “ಟೀಚರೇ, ಜೀವವಿಜ್ಞಾನವೆಂದರೆ ಈಗ ಕಂಪ್ಯೂಟರು, ಗಣಿತ. ಅದನ್ನೆಲ್ಲ ಕನ್ನಡದಲ್ಲಿ ಹೇಳಿಕೊಡಲು ಆದೀತೇ?” ಎಂದು ಕೇಳಿದರು. ನಾವು ಭಾಷಾಭಿಮಾನದ ನಾಲ್ಕು ಮಾತು ಆಡಿದೆವು. ಅದು ಅವರ ಪ್ರಶ್ನೆಗೆ ಉತ್ತರವಾಗಿರಲಿಲ್ಲ. ಪತ್ರಕ್ಕೆ ಸಹಿ ಹಾಕಿ ಕೊಟ್ಟೆವು. ಇಂದಿನ ಈ ಮಾತುಗಳನ್ನು ತಡವಾಗಿ ಕೊಟ್ಟ ಉತ್ತರವೆಂದು ಅವರು ಸ್ವೀಕರಿಸಬೇಕು.

ಉದಾಹರಣೆಗಾಗಿ ದೂರ ಹೋಗಬೇಕಾಗಿಲ್ಲ. ಕಾಸರಗೋಡು ಮದ್ರಾಸು ಪ್ರಾಂತಕ್ಕೆ ಸೇರಿದ್ದ 1916ರಲ್ಲಿ ಇಲ್ಲಿ ತೆಂಗು ಸಂಶೋಧನಾ ಕೇಂದ್ರವೊಂದು ಆರಂಭವಾಯಿತು. ಅದೇ ಇಂದಿನ ಸಿಪಿಸಿಆರ್‌ಐ. 1932ರಲ್ಲಿ ಜೆ.ಎಸ್. ಪಟೇಲರು ನಮ್ಮ ನೀಲೇಶ್ವರದಲ್ಲಿ ಎತ್ತರದ ಮತ್ತು ಗಿಡ್ಡ ತಳಿಗಳನ್ನು ಕೂಡಿಸಿ ಸಂಕರ ತೆಂಗನ್ನು ಪಡೆದರು. ಅಂದಿನವರ ಆಧಾರ ಕಣ್ಣಳತೆ ಮತ್ತು ತಾಳ್ಮೆ. 2020ರಲ್ಲಿ ಅದೇ ಸಂಸ್ಥೆಯ ವಿಜ್ಞಾನಿಗಳು ಚಾವಕ್ಕಾಡಿನ ಹಸಿರು ಗಿಡ್ಡ ತಳಿಯ ಜೀನೋಮನ್ನು, ಎಂದರೆ ಸುಮಾರು 193 ಕೋಟಿ ಅಕ್ಷರಗಳ ವಂಶಲಿಪಿಯನ್ನು, ಪ್ರಕಟಿಸಿದರು. ದಕ್ಷಿಣ ಕೇರಳದ ತೋಟಗಳನ್ನು ಬಡವಾಗಿಸಿದ ಬೇರು ಸೊರಗು ರೋಗವನ್ನು ಈ ತಳಿ ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ. ಇದರಿಂದ ಆಯ್ದ ‘ಕಲ್ಪಶ್ರೀ’ಯನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು.

ಆ ಲಿಪಿಯನ್ನು ಓದಿದ ಬಗೆಯೇ ಸ್ವಾರಸ್ಯಕರ. ಒಂದು ಯಂತ್ರ ಕೊಡುವ ತುಣುಕುಗಳು ಚಿಕ್ಕವು, ಆದರೆ ನಿಖರ. ಇನ್ನೊಂದರ ತುಣುಕುಗಳು ಉದ್ದ, ಆದರೆ ತಪ್ಪುಗಳು ಹೆಚ್ಚು. ಎರಡನ್ನೂ ಹೊಂದಿಸಿ ಪಾಠವನ್ನು ಕಟ್ಟಲಾಯಿತು. ಯಕ್ಷಗಾನ ಪ್ರಸಂಗದ ಎರಡು ಹಸ್ತಪ್ರತಿಗಳನ್ನು ಎದುರಿಟ್ಟು ಪಾಠ ನಿರ್ಣಯಿಸುವವರ ಕೆಲಸವೂ ಇಂಥದೇ. ಕನ್ನಡ ಎಂ.ಎ. ಓದಿದ ನಮಗೆ ಈ ವಿಜ್ಞಾನದ ಬಾಗಿಲು ತೆರೆದದ್ದು ಈ ಹೋಲಿಕೆಯಿಂದಲೇ.

ಆದರೆ ಲಿಪಿ ತಿಳಿದ ಮಾತ್ರಕ್ಕೆ ಮರ ತಿಳಿಯದು. ಎಲೆಯಲ್ಲಿರುವ ಡಿಎನ್‌ಎ ಬೇರಿನಲ್ಲೂ ಅದೇ. ಯಾವ ಜೀನು ಎಲ್ಲಿ, ಎಷ್ಟು ಕೆಲಸ ಮಾಡುತ್ತಿದೆ ಎಂಬುದನ್ನು ಆರ್‌ಎನ್‌ಎ ಹೇಳುತ್ತದೆ. ಸಿದ್ಧವಾದ ಪದಾರ್ಥಗಳನ್ನು ಪ್ರೋಟೀನು, ಸಕ್ಕರೆ, ಆಮ್ಲಗಳ ಅಳತೆ ಹೇಳುತ್ತದೆ. ಒಂದೇ ಮರಕ್ಕೆ ನಾಲ್ಕು ಬಗೆಯ ದಾಖಲೆ, ನಾಲ್ಕು ಬಗೆಯ ಮಾನ. ಇವನ್ನು ಕೂಡಿಸುವುದು ಹೇಗೆ?

ನಮ್ಮ ಒಂಬತ್ತನೆಯ ತರಗತಿಯ ಮಕ್ಕಳು ಇದನ್ನು ತೋಟದಲ್ಲೇ ಪರೀಕ್ಷಿಸಿದರು. ಇಪ್ಪತ್ತು ಮರಗಳ ಎತ್ತರ, ಮಡಲುಗಳ ಸಂಖ್ಯೆ, ವರ್ಷದ ಕಾಯಿಗಳನ್ನು ಬರೆದು ಮೊತ್ತ ಹಾಕಿ ಕ್ರಮಾಂಕ ಕೊಟ್ಟರು. ಎತ್ತರವನ್ನು ಸೆಂಟಿಮೀಟರಿನಲ್ಲಿ ಬರೆದಾಗ ಅತಿ ಎತ್ತರದ ಮರ ಮೊದಲು ಬಂತು. ಮೀಟರಿಗೆ ಬದಲಿಸಿದಾಗ ಹೆಚ್ಚು ಕಾಯಿಯ ಮರ ಮೊದಲಾಯಿತು. ಮರಗಳು ಬದಲಾಗಿರಲಿಲ್ಲ! ಆಮೇಲೆ ಪ್ರತಿ ಅಳತೆಯಿಂದ ಅದರ ಸರಾಸರಿಯನ್ನು ಕಳೆದು, ಮಾನಕ ವಿಚಲನೆಯಿಂದ ಭಾಗಿಸಿದರು. ತಕರಾರು ತೀರಿತೆಂದುಕೊಂಡಾಗ ಕಾಂಡದ ಮೇಲೆ ಮಡಲು ಬಿದ್ದ ಉಂಗುರಗಳನ್ನೂ ಒಬ್ಬ ಎಣಿಸಿ ತಂದ. “ಎತ್ತರ ಹೆಚ್ಚಾದರೆ ಉಂಗುರವೂ ಹೆಚ್ಚು. ಒಂದನ್ನೇ ಎರಡು ಸಲ ಎಣಿಸಿದ ಹಾಗಾಗಲಿಲ್ಲವೇ?” ಎಂದು ಬಾಲಕಿಯೊಬ್ಬಳು ಆಕ್ಷೇಪಿಸಿದಳು. ನಮ್ಮ ಗಣಿತ ಅಧ್ಯಾಪಕರು ಅಂದು ಸಂಜೆಯವರೆಗೂ ಉಲ್ಲಾಸದಲ್ಲಿದ್ದರು.

ಆ ಆಕ್ಷೇಪಕ್ಕೆ ಸಮಾಧಾನ 1936ರಲ್ಲೇ ಇತ್ತು. ಅಳತೆಗಳು ಪರಸ್ಪರ ಹೊಂದಿಕೊಂಡಿರುವುದನ್ನು ಲೆಕ್ಕಕ್ಕೆ ಹಿಡಿದು ಅಂತರವನ್ನು ಅಳೆಯುವ ಸೂತ್ರವನ್ನು ಪಿ.ಸಿ. ಮಹಲನೋಬಿಸರು ಆ ವರ್ಷ ಪ್ರಕಟಿಸಿದರು. ಎರಡು ಗುಂಪು ಅಳತೆಗಳಲ್ಲಿ ಜೊತೆಜೊತೆಗೆ ಏರಿಳಿಯುವ ಎಳೆಯನ್ನು ಹುಡುಕುವ ವಿಧಾನವನ್ನು ಅದೇ ವರ್ಷ ಅಮೆರಿಕದ ಹೆರಾಲ್ಡ್ ಹಾಟೆಲಿಂಗ್ ಕೊಟ್ಟರು. ಇಂದಿನ ವಿಧಾನಗಳು ಇದೇ ದಾರಿಯಲ್ಲಿ ಬೆಳೆದಿವೆ. 2018ರಲ್ಲಿ ಪ್ರಕಟವಾದ ‘ಮೋಫಾ’ ಎಂಬ ವಿಧಾನವನ್ನು 200 ರಕ್ತ ಕ್ಯಾನ್ಸರ್ ರೋಗಿಗಳ ದಾಖಲೆಗಳ ಮೇಲೆ ಪರೀಕ್ಷಿಸಿದರು. ಜೀನಿನ ಬದಲಾವಣೆ, ಆರ್‌ಎನ್‌ಎ, ಡಿಎನ್‌ಎಯ ಮೇಲಿನ ರಾಸಾಯನಿಕ ಗುರುತು, ಔಷಧಕ್ಕೆ ಜೀವಕೋಶಗಳ ಪ್ರತಿಕ್ರಿಯೆ, ಈ ನಾಲ್ಕರ ಹಿಂದೆಯೂ ಇರುವ ಕೆಲವೇ ಗುಪ್ತ ಕಾರಣಾಂಶಗಳನ್ನು ಅದು ಬೇರ್ಪಡಿಸಿತು.

ಇಲ್ಲಿ ಎಚ್ಚರವೂ ಬೇಕು. ಮರ ನೂರಿದ್ದರೆ ಅಳತೆಗಳು ಹತ್ತಾರು ಸಾವಿರ. ಅಷ್ಟರಲ್ಲಿ ಕೆಲವು ಬರಿಯ ಆಕಸ್ಮಿಕದಿಂದಲೇ ಹೊಂದಿಕೊಳ್ಳುತ್ತವೆ. ರೋಗದ ಮರಗಳ ಎಲೆಯನ್ನು ಮಳೆಗಾಲದಲ್ಲೂ ಆರೋಗ್ಯದ ಮರಗಳದ್ದನ್ನು ಬೇಸಿಗೆಯಲ್ಲೂ ಕಿತ್ತರೆ, ಲೆಕ್ಕ ಹೇಳುವುದು ಋತುವಿನ ಭೇದವನ್ನೇ ಹೊರತು ರೋಗವನ್ನಲ್ಲ. ಸೂತ್ರ ಎಷ್ಟು ಸೊಗಸಾದರೂ ಕಿತ್ತವರ ಅವಸರವನ್ನು ಅದು ತಿದ್ದಲಾರದು.

ಇಷ್ಟನ್ನೂ ನಾವು ಕನ್ನಡದಲ್ಲೇ ಹೇಳಿದ್ದೇವೆ. ಜೀನು, ಪ್ರೋಟೀನುಗಳನ್ನು ಇದ್ದಂತೆಯೇ ಬಳಸಿಕೊಂಡೆವು, ಅದಕ್ಕೆ ಸಂಕೋಚವಿಲ್ಲ. ಇಂಗ್ಲಿಷ್ ಬೇಡವೆಂದು ನಾವು ಎಂದೂ ಹೇಳಿದವರಲ್ಲ. ಮುಂದಿನ ಓದಿಗೆ ಅದು ಬೇಕೇ ಬೇಕು, ಅದನ್ನು ಚೆನ್ನಾಗಿ ಕಲಿಸುವ ಹೊಣೆಯೂ ನಮ್ಮದೇ. ಆದರೆ “ಎರಡು ಸಲ ಎಣಿಸಿದ ಹಾಗಾಗಲಿಲ್ಲವೇ” ಎಂಬ ಪ್ರಶ್ನೆ ಆ ಬಾಲಕಿಯ ಬಾಯಿಂದ ತಡವರಿಸದೆ ಬಂದದ್ದು ಮನೆಮಾತಿನಲ್ಲಿ.

ಮಕ್ಕಳ ಆ ಅಳತೆಯ ಪುಸ್ತಕ ಹೊರಗಿನ ಜಗಲಿಯ ಮೇಜಿನ ಮೇಲಿದೆ. ಹದಿನೇಳನೆಯ ಮರದ ಸಾಲಿನಲ್ಲಿ ಎತ್ತರವಿದೆ, ಕಾಯಿಯ ಲೆಕ್ಕವಿಲ್ಲ. ಅದು ವರ್ಗಾವಣೆ ಪತ್ರ ಪಡೆದ ಆ ವಿದ್ಯಾರ್ಥಿನಿಯ ಮನೆಯ ಮರ. ಕೆಲವು ಅಳತೆಗಳು ಸಿಗದ ಮರವನ್ನು ಹೊಸ ವಿಧಾನಗಳು ಲೆಕ್ಕದಿಂದ ಹೊರಗಿಡುವುದಿಲ್ಲ, ನಾವೂ ಆ ಸಾಲನ್ನು ಹೊಡೆದು ಹಾಕಿಲ್ಲ. ಅವಳ ತಂದೆ ಇಂದು ಸಭೆಯಲ್ಲಿದ್ದರೆ, ಊಟದ ಮೊದಲು ಬಂದು ಆ ಸಂಖ್ಯೆಯನ್ನು ಬರೆದುಕೊಡಬೇಕೆಂದು ಕೇಳಿಕೊಳ್ಳುತ್ತೇವೆ.