ಫ್ಲಾಟ್ 10% ಅಂದ್ರೆ ನಿಜಕ್ಕೂ ಎಷ್ಟು? ಸೂತ್ರ ಕೇಳೋದಾ, ಸಂಖ್ಯೆ ಹುಡುಕೋದಾ?

ಇವತ್ತಿನ ಸಂಚಿಕೆ ಸ್ವಲ್ಪ ಲೆಕ್ಕದ್ದು. ಹೆದರ್ಕೋಬೇಡಿ, ನಾನೂ ಓದಿರೋದು ಬಿ.ಕಾಂ. ಅಷ್ಟೇ. ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತೇ ಕೇಳಬಹುದಾದಷ್ಟು ಲೆಕ್ಕ ಇದು.

ಒಂದು ಸಾಲದಿಂದ ಶುರು ಮಾಡೋಣ. ಒಂದು ಲಕ್ಷ ರೂಪಾಯಿ, ಎರಡು ವರ್ಷ, "ಫ್ಲಾಟ್ 10%" ಬಡ್ಡಿ. ವರ್ಷಕ್ಕೆ 10,000ದಂತೆ ಬಡ್ಡಿ 20,000 ಆಯ್ತು. ಒಟ್ಟು 1,20,000, ಅಂದ್ರೆ 24 ಕಂತು, ತಿಂಗಳಿಗೆ 5,000. ಕೇಳೋಕೆ ಸಲೀಸು. ಆದರೆ ನೀವು ಪ್ರತಿ ಕಂತಿನಲ್ಲೂ ಅಸಲನ್ನ ತೀರಿಸ್ತಾ ಹೋಗ್ತೀರಿ. ಕೊನೆಯ ತಿಂಗಳು ನಿಮ್ಮ ಮೇಲಿರೋ ಅಸಲು ಐದು ಸಾವಿರವೂ ಇರಲ್ಲ. ಬಡ್ಡಿ ಮಾತ್ರ ಪೂರ್ತಿ ಒಂದು ಲಕ್ಷದ ಮೇಲೆ ಲೆಕ್ಕ ಆಗಿದೆ. ಹಾಗಾದ್ರೆ, ಬಾಕಿ ಅಸಲಿನ ಮೇಲೆ ನೀವು ಕೊಡ್ತಿರೋ ನಿಜವಾದ ದರ ಎಷ್ಟು?

ಇದನ್ನ ಕಂಪ್ಯೂಟರ್‌ಗೆ ಕೇಳೋಕೆ ಎರಡು ದಾರಿ ಇವೆ. ಒಂದು ಸಿಂಬಾಲಿಕ್: ಅಕ್ಷರಗಳನ್ನ ಅಕ್ಷರಗಳಾಗೇ ಇಟ್ಕೊಂಡು, ನಾವು ಶಾಲೇಲಿ ಮಾಡ್ತಿದ್ದ ಬೀಜಗಣಿತದ ಹಾಗೆ, ಸೂತ್ರ ತೆಗೆಯೋದು. ಇನ್ನೊಂದು ನ್ಯೂಮರಿಕಲ್: ಒಂದು ಸಂಖ್ಯೆ ಊಹಿಸಿ, ಹಾಕಿ ನೋಡಿ, ತಪ್ಪಿದಷ್ಟು ತಿದ್ದಿ ಮತ್ತೆ ಹಾಕಿ ನೋಡೋದು. ಪೈಥಾನ್‌ನ ಉಚಿತ ಸಿಂಪೈ ಲೈಬ್ರರಿಯಲ್ಲಿ ಮೊದಲನೆಯದಕ್ಕೆ 'ಸಾಲ್ವ್', ಎರಡನೆಯದಕ್ಕೆ 'ಎನ್‌ಸಾಲ್ವ್' ಅಂತ ಬೇರೆ ಬೇರೆ ಆಜ್ಞೆಗಳೇ ಇವೆ. ಮ್ಯಾಥಮ್ಯಾಟಿಕಾದಲ್ಲಿ 'ಸಾಲ್ವ್' ಮತ್ತು 'ಫೈಂಡ್‌ರೂಟ್'. ಯಾವುದನ್ನ ಯಾವಾಗ ಬಳಸಬೇಕು ಅನ್ನೋದೇ ಇವತ್ತಿನ ವಿಷಯ.

ಇಎಂಐ ಸಮೀಕರಣದಲ್ಲಿ ನಾಲ್ಕು ವಿಷಯ ಇವೆ: ಸಾಲ, ತಿಂಗಳ ಬಡ್ಡಿ ದರ, ಕಂತುಗಳ ಸಂಖ್ಯೆ, ಕಂತಿನ ಮೊತ್ತ. ಕಂತಿನ ಮೊತ್ತ ಬೇಕಾ? ಸೂತ್ರ ಇದೆ. ಎಷ್ಟು ತಿಂಗಳು ಕಟ್ಟಬೇಕು ಅಂತ ಬೇಕಾ? ಲಾಗರಿದಮ್ ಬಳಸಿ ಅದಕ್ಕೂ ಸೂತ್ರ ಸಿಗುತ್ತೆ. ಈ ಸೂತ್ರ ಬರೀ ಉತ್ತರ ಕೊಡಲ್ಲ, ಒಂದು ಎಚ್ಚರಿಕೆಯನ್ನೂ ಕೊಡುತ್ತೆ. ಕಂತು ತಿಂಗಳ ಬಡ್ಡಿಗಿಂತ ಜಾಸ್ತಿ ಇಲ್ಲದಿದ್ರೆ ಲಾಗರಿದಮ್ ಒಳಗೆ ಸೊನ್ನೆ ಅಥವಾ ಋಣ ಸಂಖ್ಯೆ ಬಂದು ಸೂತ್ರ ಅಲ್ಲೇ ನಿಲ್ಲುತ್ತೆ. ಒಂದು ಲಕ್ಷಕ್ಕೆ ತಿಂಗಳಿಗೆ 1.5% ದರದಲ್ಲಿ 1,500 ಮಾತ್ರ ಕಟ್ತಿದ್ರೆ ಆ ಸಾಲ ಯಾವತ್ತೂ ತೀರಲ್ಲ. ಸಿಂಬಾಲಿಕ್‌ನ ದೊಡ್ಡ ಲಾಭ ಇದೇ. ಯಾವ ಅಂಶ ಬದಲಾದ್ರೆ ಏನಾಗುತ್ತೆ ಅನ್ನೋದು ಕಣ್ಣಿಗೆ ಕಾಣುತ್ತೆ.

ಆದರೆ ನಮಗೆ ಬೇಕಿರೋದು ದರ. ಇಲ್ಲಿ ಆಟ ಬದಲಾಗುತ್ತೆ. 24 ಕಂತು ಅಂದ್ರೆ ಅದು 24ನೇ ಘಾತದ ಸಮೀಕರಣ. ಐದನೇ ಘಾತದಿಂದ ಮೇಲಕ್ಕೆ, ಕೂಡು, ಕಳೆ, ಗುಣಿಸು, ಭಾಗಿಸು ಮತ್ತು ಮೂಲಗಳನ್ನಷ್ಟೇ ಬಳಸಿ ಎಲ್ಲ ಸಮೀಕರಣಕ್ಕೂ ಹೊಂದುವ ಒಂದು ಸೂತ್ರ ಸಾಧ್ಯವೇ ಇಲ್ಲ ಅಂತ ನಾರ್ವೆಯ ನೀಲ್ಸ್ ಹೆನ್ರಿಕ್ ಆಬೆಲ್ 1824ರಲ್ಲೇ ತೋರಿಸಿದ್ರು. ಹಾಗಾಗಿ 'ಸಾಲ್ವ್' ಒತ್ತಿ ಚಂದದ ಸೂತ್ರಕ್ಕೆ ಕಾಯೋದರಲ್ಲಿ ಅರ್ಥ ಇಲ್ಲ.

ಊಹಿಸಿ ನೋಡೋಣ. ತಿಂಗಳಿಗೆ 1% ಅಂದ್ಕೊಂಡ್ರೆ, 5,000ದ 24 ಕಂತು ತೀರಿಸಬಲ್ಲ ಸಾಲ ಸುಮಾರು 1,06,217. ನಮ್ಮ ಸಾಲ ಒಂದೇ ಲಕ್ಷ, ಅಂದ್ರೆ ದರ ಇನ್ನೂ ಜಾಸ್ತಿ ಇರಬೇಕು. 2% ಹಾಕಿದ್ರೆ 94,570. ಇದು ಜಾಸ್ತಿ ಆಯ್ತು. ನಡುವಿನ 1.5% ಹಾಕಿದ್ರೆ 1,00,152. ಹತ್ತಿರ ಬಂದ್ವಿ. ಹೀಗೇ ಹೋದ್ರೆ 1.513% ಹತ್ರ ನಿಲ್ಲುತ್ತೆ. ಹನ್ನೆರಡರಿಂದ ಗುಣಿಸಿ: ವರ್ಷಕ್ಕೆ ಸುಮಾರು 18.16%.

ಹತ್ತು ಅಂತ ಕೇಳಿಸಿಕೊಂಡದ್ದು ಹದಿನೆಂಟು! ಪ್ರೊಸೆಸಿಂಗ್ ಫೀ ಅಂತ 2,000 ಮೊದಲೇ ಹಿಡ್ಕೊಂಡು ಕೈಗೆ 98,000 ಕೊಟ್ರೆ ಅದು 20% ದಾಟುತ್ತೆ.

ನಿಮ್ಮ ಫೋನಲ್ಲೇ ಇದನ್ನ ಮಾಡಬಹುದು. ಗೂಗಲ್ ಶೀಟ್ಸ್‌ನಲ್ಲಿ 'ರೇಟ್' ಫಂಕ್ಷನ್‌ಗೆ 24, ಮೈನಸ್ 5000, 100000 ಅಂತ ಈ ಕ್ರಮದಲ್ಲೇ ಕೊಡಿ. ಒಳಗೆ ನಡೆಯೋದು ಇದೇ ಊಹೆ-ತಿದ್ದುಪಡಿ. ಎಕ್ಸೆಲ್‌ನ 'ರೇಟ್' ಅಂತೂ ನೀವು ಏನೂ ಹೇಳದಿದ್ರೆ 10% ಊಹೆಯಿಂದ ಶುರು ಮಾಡುತ್ತೆ, 20 ಸುತ್ತಿನಲ್ಲಿ ಉತ್ತರ ಒಂದು ಕಡೆ ನಿಲ್ಲದಿದ್ರೆ ದೋಷ ತೋರಿಸುತ್ತೆ. ಆಗ ಗಾಬರಿ ಬೇಡ, ಬೇರೆ ಊಹೆ ಕೊಟ್ಟು ನೋಡಿ.

ನ್ಯೂಮರಿಕಲ್‌ನಲ್ಲಿ ಒಂದು ಗುಂಡಿ ಇದೆ, ಹುಷಾರು. ಒಂದು ಹೂಡಿಕೆ: ಇವತ್ತು ಒಂದು ಲಕ್ಷ ಹಾಕ್ತೀರಿ, ಮುಂದಿನ ವರ್ಷ 2,30,000 ಬರುತ್ತೆ, ಅದರ ಮುಂದಿನ ವರ್ಷ ಮತ್ತೆ 1,32,000 ಕೈಯಿಂದ ಹೋಗುತ್ತೆ. ಇದರ ಆದಾಯ ದರ ಎಷ್ಟು? ಲೆಕ್ಕ ಹಾಕಿದ್ರೆ 10% ಕೂಡ ಸರಿ, 20% ಕೂಡ ಸರಿ. ನ್ಯೂಮರಿಕಲ್ ವಿಧಾನ ತನ್ನ ಊಹೆಗೆ ತಕ್ಕಂತೆ ಒಂದನ್ನ ಕೊಟ್ಟು ಸುಮ್ಮನಾಗುತ್ತೆ. ಇದು ಬರೀ ವರ್ಗ ಸಮೀಕರಣ, 'ಸಾಲ್ವ್'ಗೆ ಕೊಟ್ರೆ ಎರಡನ್ನೂ ಮುಂದಿಡುತ್ತೆ. ಇನ್ನೊಂದು ಉತ್ತರ ಇದೆ ಅಂತ ಗೊತ್ತಾಗೋದೇ ಆಗ.

ಹಾಗಾಗಿ ನನ್ನ ಪದ್ಧತಿ ಇಷ್ಟು. ಸಮೀಕರಣ ಚಿಕ್ಕದಿದ್ರೆ, ಎಲ್ಲ ಉತ್ತರವೂ ಬೇಕಿದ್ರೆ, ಅಥವಾ ಸಂಬಂಧ ಅರ್ಥ ಆಗಬೇಕಿದ್ರೆ ಮೊದಲು ಸಿಂಬಾಲಿಕ್. ಸೂತ್ರ ಇಲ್ಲ, ಅಥವಾ ಒಂದು ಸಂಖ್ಯೆ ಸಾಕು ಅಂದ್ರೆ ನ್ಯೂಮರಿಕಲ್. ಆದರೆ ಎರಡು ಬೇರೆ ಊಹೆಯಿಂದ ಶುರು ಮಾಡಿ ನೋಡಿ, ಬಂದ ಉತ್ತರವನ್ನ ಸಮೀಕರಣಕ್ಕೆ ವಾಪಸ್ ಹಾಕಿ ತಾಳೆ ನೋಡಿ.

ಕೊನೆಗೊಂದು ಕೆಲಸದ ಮಾತು. 2024ರ ಅಕ್ಟೋಬರ್ 1ರಿಂದ ಕೊಡುವ ಹೊಸ ರೀಟೇಲ್ ಸಾಲಗಳಿಗೆ, ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರವನ್ನ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್'ನಲ್ಲಿ ತೋರಿಸಲೇಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಸಹಿ ಹಾಕೋ ಮುಂಚೆ ಆ ಹಾಳೆ ಕೇಳಿ ತಗೊಳ್ಳಿ. ಅದರಲ್ಲಿರೋ ದರ ನಿಮ್ಮ ಫೋನಿನ ಲೆಕ್ಕಕ್ಕೆ ಕೂಡಿಬರ್ತಿಲ್ಲ ಅಂದ್ರೆ, ಯಾಕೆ ಅಂತ ಕೇಳಿ. ಕೇಳೋಕೆ ದುಡ್ಡು ಕೊಡಬೇಕಾಗಿಲ್ಲ.

ಸಾಲ ಮಾಡೋಕೆ ಹೊರಟಿರೋ ಗೆಳೆಯರಿದ್ರೆ ಇದನ್ನ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ, ನಮಸ್ಕಾರ.